ಬೀಟ್ ಪೊಲೀಸರನ್ನು ಹೆಸರು ಹಿಡಿದು ಬಲ್ಲವರಾಗೋಣ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ನಾಗರಿಕ ಬಂಧುಗಳೇ,

ನಮ್ಮ ಬೀದಿಗೆ ಹೂವು ತರುವವರ ಹೆಸರು ನಮಗೆ ಗೊತ್ತು. ಪೇಪರ್ ಹಾಕುವ ಹುಡುಗ, ಇಸ್ತ್ರಿ ಗಾಡಿಯವರು, ಮೂಲೆಯ ಅಂಗಡಿಯವರು ಎಲ್ಲರೂ ಪರಿಚಿತರೇ. ಆದರೆ ನಡುರಾತ್ರಿ ನಮ್ಮ ಗೇಟಿನ ಮುಂದೆ ಬೈಕ್ ನಿಲ್ಲಿಸಿ, ಬೀಗ ಹಾಕಿದ ಬಾಗಿಲ ಮೇಲೆ ಟಾರ್ಚು ಬಿಟ್ಟು ನೋಡಿ ಮುಂದಕ್ಕೆ ಹೋಗುವ ಬೀಟ್ ಪೊಲೀಸರ ಹೆಸರು ಎಷ್ಟು ಮನೆಗಳಿಗೆ ಗೊತ್ತಿದೆ? ನಮ್ಮ ಮನೆ ಯಾವ ಠಾಣೆಯ ಸರಹದ್ದಿಗೆ ಬರುತ್ತದೆ ಎಂಬುದನ್ನೇ ಬಹಳ ಜನ ಕಳ್ಳತನವಾದ ದಿನ ವಿಚಾರಿಸಿ ತಿಳಿದುಕೊಳ್ಳುತ್ತಾರೆ. ಇದು ಬದಲಾಗಬೇಕೆಂದು ನಿಮ್ಮಲ್ಲಿ ಕೇಳಿಕೊಳ್ಳಲು ಈ ಮನವಿ. ಗಸ್ತಿನ ಪೊಲೀಸರಿಗೆ ಬೇಕಾದ ಅರ್ಹತೆಯಲ್ಲಿ ಅರ್ಧವನ್ನು ಸರ್ಕಾರ ಅಳೆದು ನೋಡಿ ಕಳಿಸುತ್ತದೆ. ಉಳಿದರ್ಧ ಅವರಿಗೆ ಬೀದಿಯಲ್ಲೇ ದಕ್ಕಬೇಕು. ಅದನ್ನು ಕೊಡಬೇಕಾದವರು ನಾವು.

ಸರ್ಕಾರ ಅಳೆಯುವುದೇನೆಂದು ಮೊದಲು ನೋಡೋಣ. ಸಿವಿಲ್ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಪಿಯುಸಿ ಅಥವಾ ಅದಕ್ಕೆ ಸಮನಾದ ಓದು ಮುಗಿದಿರಬೇಕು. ಇತ್ತೀಚಿನ ವರ್ಷಗಳ ನೇಮಕಾತಿಗಳಲ್ಲಿ ಗಂಡಸರಿಗೆ 168 ಸೆಂಟಿಮೀಟರ್ ಎತ್ತರ, 86 ಸೆಂಟಿಮೀಟರ್ ಎದೆಯಳತೆ ಕೇಳಿದ್ದಾರೆ. ಹೆಂಗಸರಿಗೆ 157 ಸೆಂಟಿಮೀಟರ್ ಎತ್ತರ, 45 ಕೆ.ಜಿ. ತೂಕ. ಗಂಡಸರು 1,600 ಮೀಟರನ್ನು ಆರೂವರೆ ನಿಮಿಷದಲ್ಲಿ, ಹೆಂಗಸರು 400 ಮೀಟರನ್ನು ಎರಡು ನಿಮಿಷದಲ್ಲಿ ಓಡಿ ಮುಗಿಸಬೇಕು. ಉದ್ದ ಜಿಗಿತ ಅಥವಾ ಎತ್ತರ ಜಿಗಿತ, ಗುಂಡು ಎಸೆತ, 100 ಅಂಕಗಳ ಲಿಖಿತ ಪರೀಕ್ಷೆ, ವೈದ್ಯಕೀಯ ತಪಾಸಣೆ, ನಡತೆಯ ಪರಿಶೀಲನೆ ಎಲ್ಲ ದಾಟಿದ ಮೇಲೆ ತಿಂಗಳುಗಟ್ಟಲೆ ತರಬೇತಿ. ಅಲ್ಲಿ ಕವಾಯತಿನ ಜೊತೆಗೆ ಕಾನೂನನ್ನೂ ಕಲಿಸುತ್ತಾರೆ. ಇಷ್ಟಾದ ಮೇಲೆ ಒಬ್ಬ ಯುವಕ ಅಥವಾ ಯುವತಿ ನಮ್ಮ ಠಾಣೆಗೆ ಬರುತ್ತಾರೆ. ಹಲವರು ಕಲಬುರಗಿಯಿಂದಲೋ ವಿಜಯಪುರದಿಂದಲೋ ಹಾವೇರಿಯಿಂದಲೋ ಬಂದವರು. ಗಾಂಧಿ ಬಜಾರ್ ಯಾವ ಕಡೆ, ಸಂಪಿಗೆ ರಸ್ತೆ ಎಲ್ಲಿ ಮುಗಿಯುತ್ತದೆ ಎಂಬುದನ್ನು ಅವರು ಇಲ್ಲಿಗೆ ಬಂದ ಮೇಲೆ ಕಲಿಯಬೇಕು.

ಈ ಕಲಿಕೆ ಸುಲಭದ್ದಲ್ಲ. ನಮ್ಮ ಬಡಾವಣೆಗಳು ಹಳೆಯವು. ಚಾಮರಾಜಪೇಟೆ 1892ರ ಹೊತ್ತಿನದು. 1898ರ ಪ್ಲೇಗಿನ ಕಾಲದಲ್ಲಿ ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಜನ ಬಸವನಗುಡಿಯಲ್ಲಿ, ಮಲ್ಲೇಶ್ವರದಲ್ಲಿ ನೆಲೆ ಕಂಡರು. ಅಂದು ನಕ್ಷೆ ಹಾಕಿದವರು ಮನೆಗಳ ಹಿಂದೆ ಕಿರಿದಾದ ಕನ್ಸರ್ವೆನ್ಸಿ ಗಲ್ಲಿಗಳನ್ನು ಬಿಟ್ಟಿದ್ದರು. ಆ ಗಲ್ಲಿಗಳಲ್ಲಿ ಹಲವು ಇಂದೂ ಇವೆ, ರಾತ್ರಿ ದೀಪವಿಲ್ಲದೆ ಇವೆ. ಮುಂಬಾಗಿಲಿಗೆ ಮೂರು ಬೀಗ ಹಾಕಿದ ಮನೆಗೆ ಹಿಂಬಾಗಿಲಿನಿಂದ ನುಗ್ಗುವ ದಾರಿ ಅದು. ಯಾವ ಗಲ್ಲಿ ಎಲ್ಲಿ ತೆರೆದುಕೊಳ್ಳುತ್ತದೆ, ಯಾವುದಕ್ಕೆ ಗೋಡೆ ಕಟ್ಟಿದ್ದಾರೆ ಎಂಬುದನ್ನು ಬಲ್ಲವರು ಅಲ್ಲಿ ಹುಟ್ಟಿ ಬೆಳೆದ ನಿವಾಸಿಗಳು. ಹೊಸ ಬೀಟ್ ಪೊಲೀಸರಿಗೆ ಅದನ್ನು ತೋರಿಸಿಕೊಡುವವರು ಯಾರು?

ಊರಿನ ವರ್ಷದ ಲಯವನ್ನೂ ಅವರು ತಿಳಿಯಬೇಕು. ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಸುತ್ತ ಕಡಲೆಕಾಯಿ ಪರಿಷೆ ಸೇರುತ್ತದೆ. ಆ ಜನಜಂಗುಳಿಯಲ್ಲಿ ಕೈ ತಪ್ಪಿದ ಮಗುವನ್ನು ತಾಯಿಗೆ ಮುಟ್ಟಿಸುವುದು ಪೊಲೀಸರ ಕೆಲಸ. ವರಮಹಾಲಕ್ಷ್ಮಿ, ಗೌರಿ ಹಬ್ಬದ ಹಿಂದಿನ ದಿನ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಹೆಜ್ಜೆ ಇಡಲು ಜಾಗವಿರುವುದಿಲ್ಲ. ಕತ್ತಿನ ಸರಕ್ಕೆ ಕೈ ಹಾಕುವವರಿಗೆ ಅದೇ ಹೊತ್ತು. ರಾಮನವಮಿಯ ಸಂಗೀತೋತ್ಸವಕ್ಕೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನ ತುಂಬುತ್ತದೆ. ರಂಜಾನ್, ಬಕ್ರೀದಿನ ನಮಾಜಿಗೆ ಅದೇ ಚಾಮರಾಜಪೇಟೆಯ ಈದ್ಗಾ ಮೈದಾನ ತುಂಬುತ್ತದೆ. ಅಲ್ಲಿ ನಿಲ್ಲುವ ಪೊಲೀಸರು ಎರಡೂ ಕಡೆಯ ಹಿರಿಯರನ್ನು ಪರಿಚಯ ಮಾಡಿಕೊಂಡಿರಬೇಕಾದವರು. ಗಾಳಿಸುದ್ದಿ ಹಬ್ಬಿದ ಸಂಜೆ ಆ ಪರಿಚಯ ಮಾಡುವ ಕೆಲಸವನ್ನು ಲಾಠಿ ಮಾಡಲಾರದು.

ಗಮನಿಸುವ ಕಣ್ಣು ಎಷ್ಟು ಮುಖ್ಯ ಎಂಬುದಕ್ಕೆ ಮಲ್ಲೇಶ್ವರದ್ದೇ ಕಹಿ ನೆನಪಿದೆ. 2013ರ ಏಪ್ರಿಲ್ 17ರಂದು, ವಿಧಾನಸಭೆ ಚುನಾವಣೆಗೆ ಮುನ್ನ, ಬಿಜೆಪಿ ಕಚೇರಿಯ ಸಮೀಪ ವಾಹನಗಳ ನಡುವೆ ನಿಲ್ಲಿಸಿದ್ದ ಮೋಟಾರ್‌ಸೈಕಲ್ಲಿನಲ್ಲಿ ಬಾಂಬ್ ಸಿಡಿಯಿತು. ಗಾಯಗೊಂಡವರಲ್ಲಿ ಬಂದೋಬಸ್ತಿನಲ್ಲಿದ್ದ ಪೊಲೀಸರೂ ಇದ್ದರು. ತಮ್ಮ ಬೀದಿಯಲ್ಲಿ ದಿನವೂ ನಿಲ್ಲುವ ವಾಹನ ಯಾವುದು, ಎಂದೂ ಕಾಣದ ವಾಹನ ಯಾವುದು ಎಂಬುದು ಮೊದಲು ಗೊತ್ತಾಗುವುದು ನಿವಾಸಿಗಳಿಗೆ, ಅಂಗಡಿಯವರಿಗೆ. ಅದನ್ನು ಆ ಕ್ಷಣವೇ ಹೇಳಲು ಒಬ್ಬ ಪೊಲೀಸರ ಪರಿಚಯವಿರಬೇಕು, ಹೇಳಿದರೆ ಕೇಳಿಸಿಕೊಳ್ಳುತ್ತಾರೆಂಬ ನಂಬಿಕೆಯೂ ಇರಬೇಕು.

ಇನ್ನು ಕರ್ತವ್ಯದ ಮಾತು. ಗಸ್ತು ಎಂದರೆ ಕಳ್ಳರನ್ನು ಹಿಡಿಯುವುದು ಎಂದಷ್ಟೇ ನಾವು ತಿಳಿದಿದ್ದೇವೆ. ಕರ್ನಾಟಕ ಪೊಲೀಸ್ ಕಾಯ್ದೆ, 1963 ಹೇಳುವುದು ಅದಕ್ಕಿಂತ ಬಹಳ ಹೆಚ್ಚು. ಅಪರಾಧವನ್ನು ತಡೆಯುವುದು, ಮಾಹಿತಿ ಕಲೆಹಾಕುವುದು, ಸಾರ್ವಜನಿಕ ಉಪದ್ರವ ನಿಲ್ಲಿಸುವುದು ಅದರಲ್ಲಿವೆ. ಬೀದಿಯಲ್ಲಿ ಕಂಡ ಅಶಕ್ತರಿಗೆ, ದಿಕ್ಕಿಲ್ಲದವರಿಗೆ ಕೈಲಾದ ನೆರವು ಕೊಡಬೇಕು, ಬೆಂಕಿಯ ಅನಾಹುತ ತಡೆಯಬೇಕು, ಹೆಂಗಸರು ಮಕ್ಕಳೊಂದಿಗೆ ಸಭ್ಯತೆಯಿಂದ, ಮೃದುವಾಗಿ ನಡೆದುಕೊಳ್ಳಬೇಕು ಎಂಬುದೂ ಅದರಲ್ಲಿದೆ. ಆ ಕಾಯ್ದೆ ಜಾರಿಗೆ ಬಂದ ಏಪ್ರಿಲ್ 2ನೇ ತಾರೀಖನ್ನೇ ನಮ್ಮ ರಾಜ್ಯದಲ್ಲಿ ಪೊಲೀಸ್ ಧ್ವಜ ದಿನವಾಗಿ ಆಚರಿಸುತ್ತಾರೆ. ಮೃದುತನವನ್ನು ಕಾನೂನೇ ಕರ್ತವ್ಯವೆಂದು ಬರೆದಿಟ್ಟಿರುವಾಗ ಪೊಲೀಸರಲ್ಲಿ ಅದನ್ನು ನಿರೀಕ್ಷಿಸುವುದು ನಮ್ಮ ಹಕ್ಕು. ಅದು ಕಂಡಾಗ ಮೆಚ್ಚಿ ಠಾಣೆಗೆ ಎರಡು ಸಾಲು ಬರೆದು ತಿಳಿಸುವುದು ನಮ್ಮ ಧರ್ಮ.

ಈ ಕೆಲಸಕ್ಕೆ ಒಂದು ಚೌಕಟ್ಟೂ ಇದೆ. 2017ರಲ್ಲಿ ಆರ್.ಕೆ. ದತ್ತಾ ಅವರು ಪೊಲೀಸ್ ಮಹಾನಿರ್ದೇಶಕರಾಗಿದ್ದಾಗ ರಾಜ್ಯದಲ್ಲಿ ಸುಧಾರಿತ ಗಸ್ತು ವ್ಯವಸ್ಥೆ ಬಂತು. ಠಾಣೆಯ ಸರಹದ್ದನ್ನು ಬೀಟುಗಳಾಗಿ ಹಂಚಿ, ಒಂದೊಂದು ಬೀಟನ್ನು ಒಬ್ಬ ಕಾನ್‌ಸ್ಟೆಬಲ್ ಅಥವಾ ಹೆಡ್ ಕಾನ್‌ಸ್ಟೆಬಲ್‌ಗೆ ಒಪ್ಪಿಸಿ, ಅಲ್ಲಿನ ನಾಗರಿಕರನ್ನೂ ಬೀಟ್ ಸದಸ್ಯರಾಗಿ ಸೇರಿಸಿಕೊಳ್ಳುವ ಏರ್ಪಾಡು ಅದು. 2025ರಲ್ಲಿ ‘ಮನೆ ಮನೆಗೆ ಪೊಲೀಸ್’ ಎಂಬ ಕಾರ್ಯಕ್ರಮವೂ ಆರಂಭವಾಯಿತು. ಪೊಲೀಸರೇ ಬಾಗಿಲಿಗೆ ಬಂದು ಕಷ್ಟಸುಖ ಕೇಳಬೇಕೆಂಬುದು ಅದರ ಆಶಯ. ಇವು ಕಾಗದದ ಮೇಲೆ ಉಳಿಯುತ್ತವೆಯೋ ಬೀದಿಗೆ ಇಳಿಯುತ್ತವೆಯೋ ಎಂಬುದು ಪೊಲೀಸರೊಬ್ಬರಿಂದಲೇ ತೀರ್ಮಾನವಾಗುವುದಿಲ್ಲ. ಬೀಟ್ ಸಭೆ ಕರೆದರೆ ಹೋಗುವವರು ಬೇಕು. ಬಾಗಿಲು ತಟ್ಟಿದರೆ ತೆರೆದು ಮಾತಾಡಿಸುವವರು ಬೇಕು.

ನಮ್ಮ ಮೂರೂ ಬಡಾವಣೆಗಳಿಗೆ ಇದು ಬೇರೆಲ್ಲಕ್ಕಿಂತ ಜರೂರಾಗಿ ಬೇಕು. ಮಕ್ಕಳು ಅಮೆರಿಕದಲ್ಲೋ ಆಸ್ಟ್ರೇಲಿಯದಲ್ಲೋ ಇದ್ದು, ವಯಸ್ಸಾದ ಅಪ್ಪ ಅಮ್ಮ ಇಬ್ಬರೇ, ಎಷ್ಟೋ ಕಡೆ ಒಬ್ಬರೇ ಇರುವ ಮನೆಗಳು ಇಲ್ಲಿ ಬೀದಿ ಬೀದಿಯಲ್ಲಿವೆ. ಅವರಿಗೆ ಈಗ ಗೇಟು ಹಾರಿ ಬರುವ ಕಳ್ಳರಿಗಿಂತ ಫೋನಿನಲ್ಲಿ ಬರುವ ಕಳ್ಳರ ಕಾಟ ದೊಡ್ಡದು. ಖಾಕಿ ತೊಟ್ಟು ವಿಡಿಯೊ ಕರೆಯಲ್ಲಿ ಕಾಣಿಸಿಕೊಂಡು, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಯಾರಿಗೂ ಹೇಳಬೇಡಿ ಎಂದು ಹೆದರಿಸಿ ಜೀವಮಾನದ ಉಳಿತಾಯ ದೋಚುತ್ತಾರೆ. ನಮ್ಮ ದೇಶದ ಯಾವ ಕಾನೂನಿನಲ್ಲೂ ಡಿಜಿಟಲ್ ಅರೆಸ್ಟ್ ಎಂಬುದಿಲ್ಲ. ತಮ್ಮ ಬೀಟ್ ಪೊಲೀಸರನ್ನು ಮುಖತಃ ಬಲ್ಲ ಅಜ್ಜಿ ಅಂಥ ಕರೆ ಬಂದಾಗ ಅದನ್ನು ಕತ್ತರಿಸಿ ಅವರಿಗೆ ಫೋನ್ ಮಾಡಬಲ್ಲರು. ಯಾವ ಪೊಲೀಸರನ್ನೂ ಕಂಡರಿಯದವರಿಗೆ ಪರದೆಯ ಮೇಲಿನ ಖಾಕಿಯೇ ನಿಜವಾಗಿ ಕಾಣುತ್ತದೆ.

ಪೊಲೀಸರ ಪಾಡನ್ನೂ ನಾವು ಅರಿಯಬೇಕು. ಗಸ್ತಿಗೆ ಇರಬೇಕಾದವರು ಮೆರವಣಿಗೆ, ಗಣ್ಯರ ಭೇಟಿ, ಚುನಾವಣೆ ಎಂದು ಬಂದೋಬಸ್ತಿಗೆ ಹೋಗುತ್ತಾರೆ. ಅಂದು ನಮ್ಮ ಬೀದಿ ಬರಿದು. ರಜೆ, ಸಂಬಳ, ಕೆಲಸದ ಹೊತ್ತಿನ ಅಸಮಾಧಾನ 2016ರ ಜೂನ್ 4ರಂದು ಸಾಮೂಹಿಕ ರಜೆಯ ಕರೆಯವರೆಗೆ ಹೋಗಿತ್ತು. ಜೀವದ ಅಪಾಯ ಬೇರೆ. 2015ರ ಅಕ್ಟೋಬರಿನಲ್ಲಿ ಬೈಕ್ ಕಳ್ಳರನ್ನು ಹಿಡಿಯಹೋದ ದೊಡ್ಡಬಳ್ಳಾಪುರದ ಪಿಎಸ್‌ಐ ಜಗದೀಶ್ ನೆಲಮಂಗಲದಲ್ಲಿ ಇರಿತಕ್ಕೊಳಗಾಗಿ ಪ್ರಾಣ ಬಿಟ್ಟರು. ಸಾಕಷ್ಟು ಸಿಬ್ಬಂದಿ, ವಾರದ ರಜೆ, ವಾಸಕ್ಕೆ ಯೋಗ್ಯವಾದ ವಸತಿಗೃಹ ಪೊಲೀಸರಿಗೆ ಸಿಗಬೇಕೆಂದು ನಮ್ಮ ಶಾಸಕರನ್ನು ಕೇಳಬೇಕಾದವರು ನಾವು. ಶಿಸ್ತಿನ ಇಲಾಖೆಯವರಿಗೆ ಬೀದಿಗಿಳಿದು ಕೇಳುವ ಅವಕಾಶವಿಲ್ಲ.

ಪೊಲೀಸರು ಏನು ಮಾಡಿದರೂ ತಲೆಬಾಗಿ ಎಂದು ನಾನು ಹೇಳುತ್ತಿಲ್ಲ. ಪರಿಚಯ ಬೇರೆ, ಹೆದರಿಕೆ ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಬಂಧಿಸುವ ಪೊಲೀಸರ ಹೆಸರು ಸ್ಪಷ್ಟವಾಗಿ ಕಾಣುವಂತಿರಬೇಕು. ಗಂಭೀರ ಅಪರಾಧದ ದೂರನ್ನು, ಘಟನೆ ಬೇರೆ ಠಾಣೆಯ ಸರಹದ್ದಿನದು ಎಂಬ ನೆಪದಲ್ಲಿ ವಾಪಸು ಕಳಿಸುವಂತಿಲ್ಲ. ಸಾಕ್ಷಿ ಹೇಳಿಕೆಗಾಗಿ ಹೆಂಗಸರನ್ನು, 60 ದಾಟಿದ ಗಂಡಸರನ್ನು ಠಾಣೆಗೆ ಬನ್ನಿ ಎಂದು ಬಲವಂತ ಮಾಡುವಂತಿಲ್ಲ. ಅವರಿರುವಲ್ಲಿಗೇ ಪೊಲೀಸರು ಬರಬೇಕು. ಬಂಧಿತರ ವಿಷಯದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಡಿ.ಕೆ. ಬಸು ಪ್ರಕರಣದಲ್ಲಿ ಕಟ್ಟಪ್ಪಣೆಗಳನ್ನು ಕೊಟ್ಟಿದೆ. ಇವುಗಳನ್ನು ಮೀರಿದವರ ಮೇಲೆ ಹಿರಿಯ ಅಧಿಕಾರಿಗಳಿಗೆ, ಪೊಲೀಸ್ ದೂರು ಪ್ರಾಧಿಕಾರಕ್ಕೆ ದೂರು ಕೊಡಿ. ಲಂಚ ಕೇಳಿದರೆ ಲೋಕಾಯುಕ್ತವಿದೆ. ಒಳ್ಳೆಯ ಪೊಲೀಸರ ಮಾನ ಉಳಿಯುವುದೂ ಅದರಿಂದಲೇ.

ಈಗ ನನ್ನ ಕೋರಿಕೆಗಳು.

ಮೊದಲನೆಯದು, ಠಾಣೆಗೆ ಹೋಗಿ ನಿಮ್ಮ ಬೀಟ್ ಯಾವುದು, ಅದರ ಹೊಣೆ ಹೊತ್ತವರು ಯಾರು ಎಂದು ಕೇಳಿ ತಿಳಿದುಕೊಳ್ಳಿ. ಬೀಟ್ ಸದಸ್ಯರಾಗಿ ಹೆಸರು ಕೊಡಿ. ನಿವಾಸಿಗಳ ಸಂಘದಲ್ಲಿ ಬರೀ ನಿವೃತ್ತ ಗಂಡಸರೇ ತುಂಬಿಕೊಳ್ಳದೆ, ಹೆಂಗಸರು, ಬಾಡಿಗೆಗಿರುವವರು, ಪಿ.ಜಿ.ಯ ಹುಡುಗ ಹುಡುಗಿಯರು, ತಳ್ಳುಗಾಡಿಯವರು ಕೂಡ ಸೇರುವಂತೆ ನೋಡಿಕೊಳ್ಳಿ. ಬೀದಿಯನ್ನು ದಿನವಿಡೀ ಕಾಣುವವರು ಅವರು.

ಎರಡನೆಯದು, ಊರಿಗೆ ಹೋಗುವಾಗ ಮನೆಗೆ ಬೀಗ ಹಾಕಿರುವುದನ್ನು ಬೀಟ್ ಪೊಲೀಸರಿಗೆ ತಿಳಿಸಿ. ನಿಮ್ಮ ಬೀದಿಯಲ್ಲಿ ಒಂಟಿಯಾಗಿರುವ ಹಿರಿಯರನ್ನು ಅವರಿಗೆ ಪರಿಚಯಿಸಿ, ಆ ಹಿರಿಯರ ಫೋನಿನ ಪಕ್ಕ ತುರ್ತಿಗೆ 112, ಹಿರಿಯರ ಸಹಾಯವಾಣಿಗೆ 1090, ಸೈಬರ್ ವಂಚನೆಗೆ 1930 ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ.

ಮೂರನೆಯದು, 112ಕ್ಕೆ ಕರೆ ಮಾಡಿದಾಗ ಜಾಗ, ಕ್ರಾಸು, ಗುರುತು ಸರಿಯಾಗಿ ಹೇಳಿ. ಪಾರ್ಕಿಂಗ್ ಜಗಳಕ್ಕೆ ಬಂದ ಪೊಲೀಸರ ಹೊಯ್ಸಳ ಗಸ್ತು ವಾಹನ ಆ ಹೊತ್ತಿಗೆ ಇನ್ನೊಂದು ಬೀದಿಯಲ್ಲಿ ಕೂಗುತ್ತಿರುವ ಹೆಣ್ಣುಮಗಳಿಗೆ ಸಿಗುವುದಿಲ್ಲ ಎಂಬುದು ನೆನಪಿರಲಿ.

ನಾಲ್ಕನೆಯದು, ಅನುಮಾನಕ್ಕೆ ಆಧಾರ ನಡತೆಯಾಗಿರಲಿ. ಭಾಷೆ, ಬಟ್ಟೆ, ಬಡತನ ಕಂಡು ಯಾರನ್ನೂ ವಿಚಾರಿಸಿ ಎಂದು ಪೊಲೀಸರನ್ನು ಕರೆಯಬೇಡಿ. ಕಳ್ಳ ಸಿಕ್ಕಿಬಿದ್ದರೆ ಕಂಬಕ್ಕೆ ಕಟ್ಟಿ ಹೊಡೆಯುವ ಗುಂಪಿಗೆ ಸೇರಬೇಡಿ; ಕಾನೂನು ಸಾಮಾನ್ಯ ನಾಗರಿಕರಿಗೂ ಹಿಡಿದು ತಡವಿಲ್ಲದೆ ಪೊಲೀಸರಿಗೊಪ್ಪಿಸುವ ಅವಕಾಶ ಕೊಟ್ಟಿದೆ, ಶಿಕ್ಷಿಸುವ ಅಧಿಕಾರ ಕೊಟ್ಟಿಲ್ಲ.

ಐದನೆಯದು, ವಶೀಲಿ ಬಿಡಿ. ಹೆಲ್ಮೆಟ್ ಇಲ್ಲದ ಮಗನನ್ನು ತಡೆದರೆಂದು ಶಾಸಕರ ಕಚೇರಿಗೆ ಫೋನ್ ಮಾಡುವ ತಂದೆ, ನಾಳೆ ತಮ್ಮ ಮನೆಗೆ ಕಳ್ಳರು ನುಗ್ಗಿದಾಗ ನಿರ್ಭೀತ ಪೊಲೀಸರನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಬಂಧುಗಳೇ, ಎತ್ತರ, ಓಟ, ಓದು ಎಲ್ಲವನ್ನೂ ಇಲಾಖೆ ಪರೀಕ್ಷಿಸಿ ಕಳಿಸಬಲ್ಲದು. ಬೀದಿಯ ಪರಿಚಯವನ್ನು, ಜನರ ವಿಶ್ವಾಸವನ್ನು ಯಾವ ತರಬೇತಿ ಶಾಲೆಯೂ ಕೊಡಲಾರದು. ಬಸವನಗುಡಿಯವರು, ಮಲ್ಲೇಶ್ವರದವರು, ಚಾಮರಾಜಪೇಟೆಯವರು ಮನಸ್ಸು ಮಾಡಿದರೆ ಇಡೀ ಬೆಂಗಳೂರಿಗೆ ಇದನ್ನು ಮಾಡಿ ತೋರಿಸಬಹುದು. ಈ ಭಾನುವಾರ ಮನೆಯವರೊಂದಿಗೆ ನಿಮ್ಮ ಠಾಣೆಯ ಮೆಟ್ಟಿಲು ಹತ್ತಿ, ಬೀಟ್ ಪೊಲೀಸರ ಹೆಸರು ಕೇಳಿ, ನಿಮ್ಮ ಹೆಸರು ಹೇಳಿ ಬನ್ನಿ. ಕೈಮುಗಿದು ಕೇಳುತ್ತೇನೆ, ತಪ್ಪಿಸಬೇಡಿ.