ಟವೆಲ್ ಕೆಳಗಿನ ವ್ಯಾಪಾರ

ಹೋದ ವಾರ ಪಹಣಿ ತೆಗೆಸಲು ಹಾಸನ ಜಿಲ್ಲೆಯ ಕಟ್ಟಾಯದ ಜೆರಾಕ್ಸ್ ಅಂಗಡಿಯೊಂದರ ಮುಂದೆ ನಿಂತಿದ್ದೆ. ನನಗಿಂತ ಮುಂದಿದ್ದ ರೈತರೊಬ್ಬರು ಫೋನನ್ನೇ ಹುಡುಗನ ಕೈಗಿಟ್ಟು, ‘ಅದ್ರಲ್ಲೇ ಎಲ್ಲ ಐತೆ, ನೋಡ್ಕಳಪ್ಪ’ ಎಂದರು. ನಿಜಕ್ಕೂ ಎಲ್ಲ ಇತ್ತು. ವಾಟ್ಸ್ಆ್ಯಪ್‌ನಲ್ಲಿ ತಮಗೆ ತಾವೇ ಕಳಿಸಿಕೊಂಡ ಆಧಾರ್ ಫೋಟೊ, ಪಾಸ್‌ಬುಕ್ಕಿನ ಮೊದಲ ಪುಟ, ರೈತರ ಫ್ರೂಟ್ಸ್ ಐಡಿ, ಶುಂಠಿ ಹೊಲದ ಗುತ್ತಿಗೆ ಲೆಕ್ಕ. ನಂಬರ್ ಪಟ್ಟಿಯಲ್ಲಿ ‘ಎಟಿಎಂ ಮಾವ’ ಅಂತ ಒಬ್ಬರು. ಆ ಮಾವನ ನಂಬರಿನ ಕೊನೆಯ ನಾಲ್ಕು ಅಂಕಿಯೇ ಪಿನ್. ಹುಡುಗ ನಕ್ಕ: ‘ಅಣ್ಣ, ಈ ಮಾವ ಸುಮಾರು ಜನರ ಫೋನಲ್ಲಿ ಅವ್ನೆ.’

ನಗುವ ಯೋಗ್ಯತೆ ನನಗೂ ಇರಲಿಲ್ಲ. ಅಪ್ಪನ ಮಾತ್ರೆ ಪಟ್ಟಿ, ಪಾಲಿಸಿ ನಂಬರು, ಯಾರಿಗೆ ಎಷ್ಟು ಕೈಸಾಲ ಕೊಟ್ಟೆ ಎಂಬುದೆಲ್ಲ ನನ್ನ ಫೋನಿನ ಜೊತೆ ಬಂದ ನೋಟ್ಸ್ ಆ್ಯಪ್‌ನಲ್ಲೇ ಬಿದ್ದಿತ್ತು. ಅಂದಿನಿಂದ ಸ್ವಲ್ಪ ಭದ್ರವಾದದ್ದನ್ನು ಹುಡುಕಿದೆ. ಹುಡುಕುವಾಗ ಒಂದು ಮಾತು ಪದೇ ಪದೇ ಎದುರಾಯಿತು: ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್. ಹೆಸರು ದೊಡ್ಡದು, ವಿಷಯ ನಮಗೆ ಹೊಸದಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ದನಗಳ ಜಾತ್ರೆಗೆ ಹೋದವರು ನೋಡಿರುತ್ತೀರಿ. ಎತ್ತಿನ ಬೆಲೆ ಕಟ್ಟುವಾಗ ಇಬ್ಬರ ಕೈ ಟವೆಲ್ ಕೆಳಗೆ. ಬೆರಳು ಹಿಡಿದು ಬಿಟ್ಟರೆ ದರ ಹೇಳಿದಂತೆ. ಸುತ್ತ ನೂರು ಜನ ನಿಂತಿದ್ದರೂ ಅವರಿಗೆ ಕಾಣುವುದು ಟವೆಲ್ ಮಾತ್ರ. ಈ ತಂತ್ರಜ್ಞಾನವೂ ಹಾಗೇ. ಬರೆದದ್ದು ನಿಮ್ಮ ಫೋನಿನಲ್ಲೇ ಗುಟ್ಟಿನ ಲಿಪಿಯಾಗಿ ಹೊರಡುತ್ತದೆ. ಅದನ್ನು ಇಟ್ಟುಕೊಂಡ ಕಂಪನಿಗೂ ಅದು ಟವೆಲ್ಲೇ.

ಆದ್ದರಿಂದ ಆ್ಯಪ್ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಬೀಗ ಇದೆಯೇ ಎಂದಲ್ಲ, ಕೀಲಿಕೈ ಯಾರ ಸೊಂಟದಲ್ಲಿದೆ ಎಂದು. ಗೂಗಲ್ ಕೀಪ್‌ನಲ್ಲಿ ಬೀಗ ಉಂಟು, ಕೀಲಿಕೈ ಗೂಗಲ್ ಹತ್ತಿರ. ಕಂಪನಿ ಕೈಲಿ ಕೀಲಿಕೈ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಎವರ್‌ನೋಟ್ ಎಂಬ ನೋಟ್ಸ್ ಆ್ಯಪ್‌ನ ಕಥೆ ಕೇಳಿ. 2016ರ ಡಿಸೆಂಬರ್‌ನಲ್ಲಿ ಅದು ನಿಯಮ ಬದಲಿಸಿ, ಯಂತ್ರ ಸರಿಯಾಗಿ ಕಲಿಯುತ್ತಿದೆಯೇ ಎಂದು ನೋಡಲು ನಮ್ಮ ಕೆಲವು ನೌಕರರು ನಿಮ್ಮ ಟಿಪ್ಪಣಿ ಓದಬಹುದು ಎಂದಿತು. ಜಗತ್ತಿನೆಲ್ಲೆಡೆ ಜನ ಬೈದ ಮೇಲೆ ಕೆಲವೇ ದಿನದಲ್ಲಿ ಹಿಂದೆ ಸರಿಯಿತು. 2023ರ ಕೊನೆಗೆ ಅದೇ ಕಂಪನಿ, ಪುಕ್ಕಟೆ ಖಾತೆಗೆ 50 ಟಿಪ್ಪಣಿ ಸಾಕು ಎಂದು ಗೆರೆ ಎಳೆಯಿತು. ಗುಟ್ಟು ಕಾಯುವ ಕಂಪನಿಗಳೂ ಶಾಶ್ವತವಲ್ಲ. ಸ್ಕಿಫ್ ಎಂಬ ಇಂಥದ್ದೊಂದನ್ನು ಜನ ಮೆಚ್ಚಿ ನಂಬಿದ್ದರು. 2024ರ ಫೆಬ್ರವರಿಯಲ್ಲಿ ನೋಷನ್ ಎಂಬ ಕಂಪನಿ ಅದನ್ನು ಕೊಂಡಿತು, ಆರು ತಿಂಗಳಲ್ಲಿ ಅಂಗಡಿ ಮುಚ್ಚಿತು. ಹಾಗಾಗಿ ಎರಡನೇ ಪ್ರಶ್ನೆ: ಬೇಡವೆನಿಸಿದ ದಿನ ನನ್ನ ಬರಹವನ್ನೆಲ್ಲ ಗಂಟು ಕಟ್ಟಿ ಹೊರತರಬಹುದೇ?

ಈ ಎರಡಕ್ಕೂ ಸರಿಯಾದ ಉತ್ತರ ಕೊಡುವ ನೋಟ್ಸ್ ಆ್ಯಪ್‌ಗಳು ಕೆಲವಿವೆ. ಸ್ಟ್ಯಾಂಡರ್ಡ್ ನೋಟ್ಸ್ ಮತ್ತು ನೋಟ್ಸ್‌ನೂಕ್‌ನಲ್ಲಿ ಗುಟ್ಟಿನ ಲಿಪಿ ಮೊದಲಿನಿಂದಲೇ ಚಾಲೂ ಇರುತ್ತದೆ. ಜಾಪ್ಲಿನ್ ಪುಕ್ಕಟೆ, ಆದರೆ ಅದರಲ್ಲಿ ಅದನ್ನು ನಾವೇ ಚಾಲೂ ಮಾಡಬೇಕು. ಮರೆತರೆ ಟವೆಲ್ ಹಾಕದೆ ಬೆರಳು ಹಿಡಿದಂತೆ. ನಾನು ಕೊನೆಗೆ ಜಾಪ್ಲಿನ್‌ಗೆ ಒಗ್ಗಿಕೊಂಡೆ. ಯಾವುದನ್ನೇ ಹಾಕಿಕೊಳ್ಳಿ, ಮೊದಲು ಕನ್ನಡದಲ್ಲಿ ನಾಲ್ಕು ಸಾಲು ಬರೆದು, ಅದರಲ್ಲೊಂದು ಪದ ಹುಡುಕಿ ನೋಡಿ. ‘ಶುಂಠಿ’ ಎಂದರೆ ಸಿಗದ ಆ್ಯಪ್ ನಮಗ್ಯಾಕೆ? ಇನ್ನು, ಇವುಗಳಲ್ಲಿ ಪಾಸ್‌ವರ್ಡ್ ಮರೆತರೆ ಕಂಪನಿಗೂ ತೆರೆಯಲಾಗದು. ಅದನ್ನು ಕಾಗದದ ಮೇಲೆ ಬರೆದು ಮನೆಯ ಟ್ರಂಕಿನಲ್ಲಿಡಿ. ನಗಬೇಡಿ, ಇಂಟರ್‌ನೆಟ್ ಕಳ್ಳ ಟ್ರಂಕಿಗೆ ಕೈ ಹಾಕಲಾರ.

ಕನ್ನಡಿಗರಾದ ನಮಗೆ ಒಂದು ಹೆಚ್ಚಿನ ಕಿಂಡಿಯೂ ಇದೆ: ಕೀಬೋರ್ಡ್. ಕನ್ನಡ ಬರೆಯಲು ಯಾವ್ಯಾವುದನ್ನೋ ಹಾಕಿಕೊಳ್ಳುತ್ತೇವೆ. ಹೊಸ ಕೀಬೋರ್ಡ್ ಚಾಲೂ ಮಾಡುವಾಗ, ನೀವು ಒತ್ತಿದ್ದೆಲ್ಲವನ್ನೂ ಇದು ಸಂಗ್ರಹಿಸಬಹುದು ಎಂದು ಆಂಡ್ರಾಯ್ಡ್ ತಾನಾಗಿಯೇ ಹೇಳುತ್ತದೆ. ನಾವು ಓದದೆ ‘ಓಕೆ’ ಒತ್ತುತ್ತೇವೆ. 2017ರಲ್ಲಿ ಎಐ.ಟೈಪ್ ಎಂಬ ಕೀಬೋರ್ಡ್ ಕಂಪನಿಯ ಕೈಯಿಂದ 3 ಕೋಟಿಗೂ ಹೆಚ್ಚು ಜನರ ವಿವರ ಬಯಲಿಗೆ ಬಿತ್ತು. ಟವೆಲ್ ಎಷ್ಟೇ ದಪ್ಪವಿರಲಿ, ಅದರೊಳಗೇ ಮೂರನೆಯವನ ಕೈ ಇದ್ದರೆ ಏನು ಮಾಡುವುದು? ಇಂಡಿಕ್ ಕೀಬೋರ್ಡ್‌ನಂಥ, ಒಳಗಿನ ಕೋಡ್ ಎಲ್ಲರಿಗೂ ಕಾಣುವ ಕೀಬೋರ್ಡ್ ವಾಸಿ.

‘ನಮ್ದೇನೈತೆ ಗುಟ್ಟು?’ ಎನ್ನುವವರು ಊರಿಗೆ ಹತ್ತು ಜನ. ಹಾಸನದವರು ಮಾತ್ರ ಈ ಮಾತು ಆಡಬಾರದು. 2024ರ ಏಪ್ರಿಲ್‌ನಲ್ಲಿ ಚುನಾವಣೆಯ ಹೊತ್ತಿಗೆ ಈ ಜಿಲ್ಲೆಯ ತುಂಬ ಹೆಂಗಸರ ಖಾಸಗಿ ವಿಡಿಯೊಗಳಿದ್ದ ಪೆನ್‌ಡ್ರೈವ್ ಹಂಚಿದ್ದನ್ನು ಕಂಡವರು ನಾವು. ವಿಡಿಯೊ ಇದ್ದದ್ದು ಯಾರದೋ ಫೋನಿನಲ್ಲಿ, ಮುಖ ಮರೆಸಿಕೊಂಡು ಬದುಕಬೇಕಾಗಿ ಬಂದದ್ದು ಹೆಂಗಸರಿಗೆ. ಅದರ ಹಿಂದಿನ ವರ್ಷ, 2023ರಲ್ಲಿ, ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದವರ ಬ್ಯಾಂಕ್ ಖಾತೆಯಿಂದ ಒಟಿಪಿಯೂ ಬಾರದೆ ಹಣ ಹೋಗಿತ್ತು. ಪತ್ರದಲ್ಲಿದ್ದ ಹೆಬ್ಬೆಟ್ಟನ್ನೇ ನಕಲು ಮಾಡಿ, ಆಧಾರ್ ಮೂಲಕ ಹಣ ತೆಗೆದಿದ್ದರು. ಕ್ರಯಪತ್ರದ ಫೋಟೊ ಫೋನಿನಲ್ಲಿಟ್ಟು ಗ್ರೂಪಿಗೆಲ್ಲ ಹಾಕುವವರು ಇದನ್ನು ನೆನೆಯಲಿ.

ಖಾಸಗಿತನ ಶ್ರೀಮಂತರ ಶೋಕಿಯಲ್ಲ. ನಮ್ಮದೇ ಹೈಕೋರ್ಟಿನಿಂದ ನಿವೃತ್ತರಾದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಅದನ್ನು ಮೂಲಭೂತ ಹಕ್ಕು ಎಂದರು. ಕಟ್ಟಾಯದ ಜೆರಾಕ್ಸ್ ಅಂಗಡಿಯ ಕಟ್ಟೆಗೂ ಆ ತೀರ್ಪು ಅನ್ವಯ.

ಹೊಸ ಆ್ಯಪ್ ಹಾಕಿಕೊಳ್ಳಲು ಪುರಸೊತ್ತಿಲ್ಲವೇ, ಬಿಡಿ. ಇವತ್ತು ಫೋನಿಗೊಂದು ಲಾಕ್ ಹಾಕಿ, ಆಧಾರ್‌ನ ಬೆರಳಚ್ಚನ್ನು ಲಾಕ್ ಮಾಡಿಸಿ. ದುಡ್ಡು ಹೋಯಿತೆಂದರೆ ಯೋಚಿಸುತ್ತ ಕೂರದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಇದೆಲ್ಲಕ್ಕೂ ಮೊದಲು ಎಟಿಎಂ ಮಾವನನ್ನು ನಂಬರ್ ಪಟ್ಟಿಯಿಂದ ಅಳಿಸಿ, ಪಿನ್ ಬದಲಾಯಿಸಿ ಬನ್ನಿ.