ದೋಣಿಯ ಭಾರ

ಮಲೆಯಾಳದ ಮಹಾಕವಿ ಕುಮಾರನ್ ಆಶಾನ್ ಅವರಿಗೂ ನಮ್ಮ ನಾಡಿಗೂ ಒಂದು ನಂಟು ಉಂಟು. ಮೈಸೂರು ಸಂಸ್ಥಾನದಲ್ಲಿ ವೈದ್ಯಾಧಿಕಾರಿಗಳಾಗಿದ್ದ ಡಾ. ಪಲ್ಪು ಅವರ ಆಶ್ರಯದಲ್ಲಿ, 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ, ಅವರು ಬೆಂಗಳೂರಿನಲ್ಲಿ ಸಂಸ್ಕೃತ ವ್ಯಾಸಂಗ ಮಾಡಿದವರು. ಐವತ್ತರ ಪ್ರಾಯದಲ್ಲಿ, 1924ರ ಜನವರಿ 16ರಂದು, ಅವರು ಜಲಸಮಾಧಿಯಾದರು. ಕೊಲ್ಲದಿಂದ ಆಲಪ್ಪುಳದ ಕಡೆಗೆ ಹೊರಟಿದ್ದ ಬೋಟು ಪಲ್ಲನ ಎಂಬಲ್ಲಿ ಮಗುಚಿಕೊಂಡಿತು. ಬೋಟಿನ ಹೆಸರು ‘ರಿಡೀಮರ್’, ಎಂದರೆ ಉದ್ಧಾರಕ. ಅದರಲ್ಲಿ ಜನ ಕಿಕ್ಕಿರಿದು ತುಂಬಿದ್ದರು.

ಆ ಸೀಮೆಯ ನೀರಿನ ಮೇಲೆ ಇಂದು ತೇಲುತ್ತಿರುವುದು ಬೇರೆಯೇ ಒಂದು ಲೋಕ. ಆಲಪ್ಪುಳದ ಕಟ್ಟೆಯ ಬಳಿ ವಿಹಾರದ ದೋಣಿಗಳು ಸಾಲುಗಟ್ಟಿ ನಿಂತಿರುತ್ತವೆ. ಒಂದರಲ್ಲಿ ನವದಂಪತಿಗಳು, ಮತ್ತೊಂದರಲ್ಲಿ ಹುಟ್ಟುಹಬ್ಬದ ಕೂಟ, ಇನ್ನೊಂದರಲ್ಲಿ ಯಾವುದೋ ಕಂಪನಿಯ ನೌಕರರ ವಾರ್ಷಿಕ ಸಂತೋಷಗೋಷ್ಠಿ. ಕರಿಮೀನಿನ ಊಟ, ಇಕ್ಕೆಲದ ತೆಂಗಿನ ಸಾಲು, ಸಂಜೆಯ ಗಾಳಿ. ಇದರ ಸುಖವನ್ನು ಉಂಡವರು ಬಲ್ಲರು. ನಾವೂ ಒಮ್ಮೆ ಉಂಡಿದ್ದೇವೆ, ಅಲ್ಲಗಳೆಯುವುದಿಲ್ಲ.

ಈ ದೋಣಿಗೆ ಅಲ್ಲಿಯವರು ‘ಕೆಟ್ಟುವಳ್ಳಂ’ ಎನ್ನುತ್ತಾರೆ. ಕನ್ನಡ ಕಿವಿಗೆ ‘ಕೆಟ್ಟು’ ಎಂಬುದು ಅಪಾರ್ಥವಾಗಿ ಕೇಳಬಹುದು. ಅದು ನಮ್ಮ ‘ಕಟ್ಟು’ ಎಂಬುದರ ಒಡಹುಟ್ಟು. ಹೆಬ್ಬಲಸಿನ ಹಲಗೆಗಳನ್ನು ಒಂದಕ್ಕೊಂದು ಜೋಡಿಸಿ, ಒಂದು ಮೊಳೆಯನ್ನೂ ಹೊಡೆಯದೆ, ತೆಂಗಿನ ನಾರಿನ ಹುರಿಯಿಂದ ಹೊಲಿದು ಬಿಗಿದು, ಮೇಲೆ ಗೇರುಬೀಜದಿಂದ ತೆಗೆದ ಕರಿಯ ಅಂಟನ್ನು ಬಳಿಯುತ್ತಿದ್ದರು. ಅರವತ್ತು ಎಪ್ಪತ್ತು ಅಡಿ ಉದ್ದದ ಇಂಥ ದೋಣಿ ಸುಮಾರು 30 ಟನ್ನು ಸರಕನ್ನು ಹೊರಬಲ್ಲುದಾಗಿತ್ತು. ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ಗದ್ದೆಗಳಲ್ಲಿ ಬೆಳೆ ತೆಗೆಯುವ ಕುಟ್ಟನಾಡಿನ ಅಕ್ಕಿ ಹೀಗೆಯೇ ಕೊಚ್ಚಿಯ ಪೇಟೆ ಸೇರುತ್ತಿತ್ತು. ಅಂಬಿಗನು ಗಳವನ್ನು ಊರಿ ನಡೆಸುವವನು. ಅಂಚಿಗೂ ನೀರಿಗೂ ನಡುವೆ ಎಷ್ಟು ಗೇಣು ಉಳಿದಿದೆಯೆಂದು ನೋಡಿ, ‘ಇನ್ನು ಸಾಕು’ ಎನ್ನುವ ಅಧಿಕಾರ ಅವನದಾಗಿತ್ತು. ರಸ್ತೆ ಬಂದಿತು, ಸೇತುವೆ ಬಂದಿತು, ಲಾರಿ ಬಂದಿತು. ದೋಣಿಗಳು ದಡದಲ್ಲಿ ಕೊಳೆಯತೊಡಗಿದವು. 1990ರ ದಶಕದಲ್ಲಿ ಯಾರಿಗೋ ಅವುಗಳ ಮೇಲೆ ಮನೆ ಕಟ್ಟುವ ಯೋಚನೆ ಹೊಳೆದುದರಿಂದ ದೋಣಿಯೂ ಉಳಿಯಿತು, ಹೊಲಿಯುವ ಬಡಗಿಯ ವಿದ್ಯೆಯೂ ಅಷ್ಟಿಷ್ಟು ಉಳಿಯಿತು. ಈ ಮಟ್ಟಿಗೆ ಪ್ರವಾಸಿಗೆ ಕೃತಜ್ಞರಾಗಿರಬೇಕಾದುದು ನ್ಯಾಯ.

ಆದರೆ ‘ಇನ್ನು ಸಾಕು’ ಎಂಬ ಮಾತು ಈಗ ಯಾರ ಬಾಯಲ್ಲಿದೆ? ಅಕ್ಕಿಯ ಮೂಟೆ ಇಟ್ಟಲ್ಲಿ ಇರುತ್ತದೆ, ಮನುಷ್ಯನು ಹಾಗಲ್ಲ. ಭಾರವು ತಳದಲ್ಲಿದ್ದಷ್ಟೂ ದೋಣಿ ಸ್ಥಿರ. ಅಟ್ಟದ ಮೇಲೆ ಅಟ್ಟವನ್ನೇರಿಸಿ ಅಲ್ಲಿ ಕುಣಿತವನ್ನೇರ್ಪಡಿಸಿದರೆ, ದಡದಲ್ಲೇನೋ ಕಂಡಿತೆಂದು ಎಲ್ಲರೂ ಒಂದೇ ಪಕ್ಕಕ್ಕೆ ಓಡಿದರೆ, ಅದು ಎತ್ತ ವಾಲೀತೆಂದು ಹೇಳಲು ಶಾಸ್ತ್ರ ಬೇಕಿಲ್ಲ. ಅದೇ ಕೇರಳದ ಉತ್ತರಭಾಗದಲ್ಲಿ, ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ, 2023ರ ಮೇ 7ರಂದು ವಿಹಾರದ ಬೋಟೊಂದು ಮಗುಚಿ 22 ಮಂದಿ ಸತ್ತರು. ಅವರಲ್ಲಿ ಬಹುಮಂದಿ ಮಕ್ಕಳು. ಅದು ಮೀನು ಹಿಡಿಯುವ ದೋಣಿಯನ್ನು ಮಾರ್ಪಡಿಸಿದ್ದು. ಮಿತಿಮೀರಿ ಜನರನ್ನು ತುಂಬಿ, ಹೊತ್ತು ಮುಳುಗಿದ ಮೇಲೂ ನಡೆಸುತ್ತಿದ್ದುದು. ಆಶಾನರು ಸತ್ತು ಅಷ್ಟರಲ್ಲಿ ತೊಂಬತ್ತೊಂಬತ್ತು ವರ್ಷಗಳಾಗಿದ್ದವು.

ಇನ್ನೊಂದು ಭಾರವಿದೆ, ಅದನ್ನು ಹೊರುವುದು ದೋಣಿಯಲ್ಲ, ನೀರು. ವಿಹಾರದ ದೋಣಿಯಲ್ಲಿ ಅಡಿಗೆಮನೆ ಉಂಟು, ಶೌಚಗೃಹ ಉಂಟು, ಯಂತ್ರದ ಎಣ್ಣೆ ಉಂಟು. ಇವುಗಳ ಕೊಳೆಯನ್ನು ತೊಟ್ಟಿಯಲ್ಲಿ ಕೂಡಿಟ್ಟು ದಡದ ಶುದ್ಧೀಕರಣ ಸ್ಥಾವರಕ್ಕೆ ಒಪ್ಪಿಸತಕ್ಕದ್ದು. ಒಪ್ಪಿಸದೆ ಕತ್ತಲಲ್ಲಿ ನೀರಿಗೆ ಬಿಟ್ಟವನನ್ನು ಹಿಡಿಯುವುದು ಸುಲಭವಲ್ಲ. ಪಂಪಾ, ಮೀನಚ್ಚಿಲ್, ಮಣಿಮಲ, ಅಚ್ಚನ್‌ಕೋವಿಲ್ ಹೊಳೆಗಳು ಬಂದು ಕೂಡುವ ವೇಂಬನಾಡಿನ ಜಲರಾಶಿ 2002ರಿಂದ ರಾಮ್ಸಾರ್ ಒಪ್ಪಂದದ ಪಟ್ಟಿಯಲ್ಲಿದೆ. 1970ರ ದಶಕದಲ್ಲಿ ಅದಕ್ಕೆ ಅಡ್ಡಲಾಗಿ, ಗದ್ದೆಗೆ ಉಪ್ಪುನೀರು ನುಗ್ಗದಂತೆ, ತಣ್ಣೀರ್ಮುಕ್ಕಂನಲ್ಲಿ ಒಡ್ಡನ್ನು ಕಟ್ಟಿದರು. ಸಾಧಾರಣವಾಗಿ ಡಿಸೆಂಬರಿನಿಂದ ಕೆಲವು ತಿಂಗಳು ಅದರ ಬಾಗಿಲು ಮುಚ್ಚಿರುತ್ತದೆ. ಕಡಲ ಉಬ್ಬರವಿಳಿತಗಳು ಒಳಬಂದು ನೀರನ್ನು ತೊಳೆಯುವುದು ನಿಲ್ಲುತ್ತದೆ. ಪ್ರವಾಸಿಗಳ ಹಬ್ಬದ ಕಾಲವೂ ಅದೇ. ಸುತ್ತ ನೀರಿದ್ದೂ ಕುಡಿಯುವ ನೀರಿಗಾಗಿ ಕೊಡ ಹಿಡಿದು ಕಾಯುವ ಕುಟ್ಟನಾಡಿನ ಗೃಹಿಣಿ ತನ್ನ ಮೆಟ್ಟಲಿನ ಮೇಲೆ ಪಾತ್ರೆ ತೊಳೆಯುತ್ತಿರುವುದು ಈ ನೀರಿನಲ್ಲಿ. ದೋಣಿಯಿಂದ ನೋಡುವವರಿಗೆ ಅದೊಂದು ಚಿತ್ರ. ತೆಗೆದುಕೊಂಡು ಮುಂದೆ ಹೋಗುತ್ತಾರೆ.

ವಿಹಾರ ಬೇಡವೆಂದು ನಾವು ಹೇಳುತ್ತಿಲ್ಲ. ಅದರಿಂದ ಅನ್ನ ಕಾಣುವ ಅಡಿಗೆಯವರು, ಚಾಲಕರು, ಬಡಗಿಗಳು ಬಹುಮಂದಿ. ಈ ಉದ್ಯಮ ಈಗ ನೀಲೇಶ್ವರದ ತೇಜಸ್ವಿನಿಗೂ ನಮ್ಮ ಉಡುಪಿಯ ಸುವರ್ಣಾ ನದಿಗೂ ಬಂದಿರುವುದರಿಂದ ಮಾತು ನಮ್ಮ ಅಂಗಳದ್ದೇ ಆಗಿದೆ. ಪ್ರತಿ ದೋಣಿಯ ಮೇಲೂ ಅದು ಎಷ್ಟು ಜನರನ್ನು ಹೊರಬಹುದೆಂಬ ಅಂಕೆ ಹತ್ತು ಮಾರು ದೂರಕ್ಕೆ ಕಾಣುವಂತೆ ಇರಲಿ. ಆ ಅಂಕೆ ಮೀರಿದಾಗ ಹೊರಡಲೊಲ್ಲೆನೆಂದ ಚಾಲಕನ ಕೆಲಸಕ್ಕೆ ಕುತ್ತು ಬಾರದಿರಲಿ. ಮದುವೆಯ ಮನೆಯವರು ಊಟದ ಪಟ್ಟಿಯನ್ನು ವಿಚಾರಿಸುವಷ್ಟೇ ಶ್ರದ್ಧೆಯಿಂದ, ಜೀವರಕ್ಷಕ ಅಂಗಿಗಳೆಷ್ಟು, ಕೊಳೆಯ ತೊಟ್ಟಿ ಎಲ್ಲಿ ಬರಿದಾಗುತ್ತದೆ ಎಂದೂ ವಿಚಾರಿಸಲಿ.

ಹಣ ಹರಿಯುವುದು ವಿಹಾರದ ದೋಣಿಯತ್ತ. ದಿನನಿತ್ಯ ಹೊಳೆ ದಾಟುವ ಬಡವರ ಬೋಟಿನತ್ತಲ್ಲ. 2002ರ ಜುಲೈ 27ರಂದು ಮುಹಮ್ಮದಿಂದ ಕುಮರಕಂಗೆ ಹೊರಟ ಸರ್ಕಾರಿ ಬೋಟು ವೇಂಬನಾಡಿನಲ್ಲಿ ಮುಳುಗಿ 29 ಮಂದಿ ಸತ್ತಾಗ, ಅದರಲ್ಲಿದ್ದವರನೇಕರು ನೌಕರಿಯ ಪರೀಕ್ಷೆ ಬರೆಯಲು ಹೊರಟವರಾಗಿದ್ದರು. ಒಳ್ಳೆಯ ಮಾತನ್ನೂ ಹೇಳಬೇಕು. 2017ರಲ್ಲಿ ಅದೇ ಜಲಸಾರಿಗೆ ಇಲಾಖೆ ವೈಕಂ ಮತ್ತು ತವಣಕ್ಕಡವುಗಳ ನಡುವೆ ‘ಆದಿತ್ಯ’ ಎಂಬ ಸೌರಶಕ್ತಿಯ ಬೋಟನ್ನು ಬಿಟ್ಟಿತು. ಎಪ್ಪತ್ತೈದು ಜನರ ದೋಣಿ. ಹೊಗೆಯಿಲ್ಲ, ಎಣ್ಣೆಯ ಜಿಡ್ಡಿಲ್ಲ. ಶಾಲೆಯ ಮಕ್ಕಳೂ ಹೂಕಾಯಿ ಮಾರುವವರೂ ಕುಳಿತು ದಾಟುವ ದೋಣಿಗೆ ಸಾಧ್ಯವಾದುದು, ಒಂದು ರಾತ್ರಿಗೆ ಸಾವಿರಾರು ರೂಪಾಯಿ ಬಾಡಿಗೆ ಪಡೆಯುವ ದೋಣಿಗಳಿಗೆ ಏಕೆ ಸಾಧ್ಯವಾಗಬಾರದೋ ಅವುಗಳ ಒಡೆಯರೇ ಹೇಳಬೇಕು.