ಮೂವತ್ತರ ವಿದ್ಯಾರ್ಥಿಗೆ ಮನೆಯಲ್ಲಿ ಜಾಗವಿದೆಯೇ?

ಬೇಸಿಗೆಯಲ್ಲಿ ಎಸೆಸೆಲ್ಸಿ ಮತ್ತು ಪಿಯುಸಿ ಫಲಿತಾಂಶಗಳು ಪ್ರಕಟಗೊಂಡೊಡನೆ ನಮ್ಮ ಪಟ್ಟಣಗಳಲ್ಲಿ ಸನ್ಮಾನ ಸಮಾರಂಭಗಳು ಆರಂಭವಾಗುತ್ತವೆ. ಜಮಾಅತ್‌ಗಳೂ ಯುವಕ ಸಂಘಗಳೂ ತೊಂಬತ್ತು ಶೇಕಡಾ ದಾಟಿದ ಮಕ್ಕಳಿಗೆ ಶಾಲು ಹೊದಿಸಿ, ಸ್ಮರಣಿಕೆ ನೀಡುತ್ತವೆ. ಇದು ಒಳ್ಳೆಯದೇ. ಆದರೆ ಅದೇ ಸಭಾಂಗಣದಲ್ಲಿ, ಮಗುವನ್ನು ತೊಡೆಯ ಮೇಲಿರಿಸಿಕೊಂಡು ಚಪ್ಪಾಳೆ ತಟ್ಟುವ ಇಪ್ಪತ್ತೆಂಟರ ತಾಯಿಯೊಬ್ಬಳು ಹತ್ತು ವರ್ಷಗಳ ಹಿಂದೆ ತಾನೂ ಇಂಥದ್ದೇ ಅಂಕ ಪಡೆದಿದ್ದಳೆಂಬುದನ್ನು ಯಾರು ನೆನೆಯುತ್ತಾರೆ? ಆಕೆ ಮತ್ತೆ ಓದಬಯಸಿದರೆ ನಾವು ಏನೆನ್ನುತ್ತೇವೆ? 'ಈ ವಯಸ್ಸಿನಲ್ಲಿ ಇನ್ನೇನು ಓದು' ಎಂಬ ಒಂದು ಮಾತಿನಲ್ಲಿ ವಿಷಯವನ್ನು ಮುಗಿಸಿಬಿಡುತ್ತೇವೆ.

6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಯ ಮೆಟ್ಟಿಲನ್ನೇ ಹತ್ತಿಲ್ಲ ಅಥವಾ ಅರ್ಧದಲ್ಲೇ ಬಿಟ್ಟಿದ್ದಾರೆಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತ್ತು. ಆ ಮಕ್ಕಳು ಎಲ್ಲಿಗೂ ಕಾಣೆಯಾಗಿಲ್ಲ. ಇಂದು ಅವರು ಇಪ್ಪತ್ತೈದು, ಮೂವತ್ತು ದಾಟಿದ ಅಂಗಡಿಕಾರರು, ಚಾಲಕರು, ಗೃಹಿಣಿಯರು, ಗಲ್ಫ್‌ನಿಂದ ಮರಳಿದವರು. ಇವರ ಜೊತೆಗೆ ಇನ್ನೊಂದು ಗುಂಪಿದೆ. 2022ರ ಫೆಬ್ರವರಿ 5ರ ಸರಕಾರಿ ಆದೇಶ ಮತ್ತು ಮಾರ್ಚ್ 15ರ ಹೈಕೋರ್ಟ್ ತೀರ್ಪಿನ ಬಳಿಕ ಶಿರವಸ್ತ್ರದ ಕಾರಣಕ್ಕೆ ತರಗತಿಯಿಂದ ಹೊರಗುಳಿದ ಹೆಣ್ಣುಮಕ್ಕಳು. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ನ್ಯಾಯಾಲಯ ಕಾಯಬಹುದು, ಹದಿನೇಳರ ಪ್ರಾಯ ಕಾಯುವುದಿಲ್ಲ. ಅವರೂ ಈಗ ಇಪ್ಪತ್ತು ದಾಟಿದ್ದಾರೆ.

ಕಾನೂನಿನ ಬಾಗಿಲು ಇಂಥವರಿಗೆ ಮುಚ್ಚಿದೆಯೆಂಬುದು ತಪ್ಪು ತಿಳಿವಳಿಕೆ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಗೆ ಹಿಂದೆ ಇದ್ದ ಗರಿಷ್ಠ ವಯೋಮಿತಿಯನ್ನು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ತೆಗೆದುಹಾಕಿತು. ಅದಕ್ಕೂ ಮುನ್ನ, 2020ರ ಕೊನೆಯಲ್ಲೇ ಒಡಿಶಾದ 64 ವರ್ಷದ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಸರಕಾರಿ ವೈದ್ಯಕೀಯ ಕಾಲೇಜಿಗೆ ಸೇರಿದ್ದು ಸುದ್ದಿಯಾಗಿತ್ತು. ಪಿಯುಸಿಯಲ್ಲಿ ಜೀವಶಾಸ್ತ್ರ ಓದದವರು ಅದನ್ನು ಬಳಿಕ ಹೆಚ್ಚುವರಿ ವಿಷಯವಾಗಿ ಪೂರೈಸಿದರೂ ನೀಟ್ ಬರೆಯಬಹುದೆಂದು 2023ರ ನವೆಂಬರ್‌ನಲ್ಲಿ ಆಯೋಗ ಸ್ಪಷ್ಟಪಡಿಸಿತು. ಮುಕ್ತ ಶಾಲೆಯಲ್ಲಿ ಓದಿದವರನ್ನು ಹೊರಗಿಡಲಾಗದೆಂಬುದು 2024ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಇತ್ಯರ್ಥವಾಯಿತು. ಕಾನೂನು ಕಾಲೇಜುಗಳ ಕ್ಲಾಟ್‌ಗೂ ಗರಿಷ್ಠ ವಯಸ್ಸಿನ ಕಟ್ಟುಪಾಡಿಲ್ಲ. ಕೇಂದ್ರೀಯ ವಿಶ್ವವಿದ್ಯಾನಿಲಯಗಳಿಗೆ 2022ರಲ್ಲಿ ಆರಂಭವಾದ ಸಿಯುಇಟಿಯೂ ಹಾಗೆಯೇ. ಅದನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆಯಲು ಅವಕಾಶವಿದೆ.

ಹಾಗೆಂದು ಎಲ್ಲ ದಾರಿಯೂ ಸಲೀಸಲ್ಲ. ಐಐಟಿ, ಎನ್‌ಐಟಿಗಳ ಜೆಇಇಯನ್ನು ಹನ್ನೆರಡನೇ ತರಗತಿ ಮುಗಿಸಿ ಹಲವು ವರ್ಷಗಳಾದವರು ಬರೆಯುವಂತಿಲ್ಲ. ಇದನ್ನು ತಿಳಿಯದೆ ಕೋಚಿಂಗ್ ಕೇಂದ್ರಕ್ಕೆ ಹಣ ಕಟ್ಟುವುದು ವ್ಯರ್ಥ. ನಮ್ಮ ರಾಜ್ಯದ ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಅದು ಅನುಕೂಲವೇ. ಆದರೆ ಇಂಜಿನಿಯರಿಂಗ್ ರ‍್ಯಾಂಕ್‌ನಲ್ಲಿ ಅರ್ಧ ಪಾಲು ಪಿಯುಸಿಯ ಭೌತ, ರಸಾಯನ, ಗಣಿತಗಳದ್ದು. ಹತ್ತು ವರ್ಷ ಹಿಂದಿನ ಅಂಕಪಟ್ಟಿ ಹೀಗೆ ಬೆನ್ನುಬಿಡದೆ ಬರುತ್ತದೆ. ಆದ್ದರಿಂದ ಪುಸ್ತಕ ಕೊಳ್ಳುವುದಕ್ಕೆ ಮೊದಲು ಯಾವ ಪರೀಕ್ಷೆ ತನಗೆ ತೆರೆದಿದೆ, ಅದರಲ್ಲಿ ಯಾವುದಕ್ಕೆ ಎಷ್ಟು ತೂಕವಿದೆ ಎಂಬುದನ್ನು ನೋಡಿಕೊಳ್ಳಬೇಕು. ಪಿಯುಸಿಯನ್ನೇ ಮುಗಿಸದವರಿಗೆ ಎನ್‌ಐಒಎಸ್ ಇದೆ. ಒಮ್ಮೆ ಮಾಡಿಸಿದ ನೋಂದಣಿ ಐದು ವರ್ಷ ಊರ್ಜಿತವಿರುತ್ತದೆ. ವರ್ಷಕ್ಕೆರಡು ಬಾರಿ ಪರೀಕ್ಷೆ ನಡೆಯುವುದರಿಂದ ಐದು ವಿಷಯಗಳನ್ನೂ ಒಮ್ಮೆಲೇ ಬರೆಯಬೇಕೆಂದಿಲ್ಲ, ಒಂದೊಂದಾಗಿ ಮುಗಿಸಬಹುದು. ಮನೆ, ಮಕ್ಕಳು, ದುಡಿಮೆಯ ನಡುವೆ ಓದುವವರಿಗೆ ಇದಕ್ಕಿಂತ ಹೊಂದುವ ವ್ಯವಸ್ಥೆ ಬೇರೊಂದಿಲ್ಲವೆಂದೇ ನಮ್ಮ ಅನಿಸಿಕೆ.

ಇನ್ನು ತಯಾರಿಯ ಮಾತು. ದೀರ್ಘ ಕಾಲ ಓದು ಬಿಟ್ಟವರು ನೇರವಾಗಿ ಪ್ರವೇಶ ಪರೀಕ್ಷೆಯ ದಪ್ಪ ಗೈಡ್‌ಗಳನ್ನು ತೆರೆದು, ವಾರದೊಳಗೆ ಎದೆಗುಂದುತ್ತಾರೆ. ಇದು ಬುದ್ಧಿಯ ಕೊರತೆಯಲ್ಲ, ಬುನಾದಿಗೆ ಹಿಡಿದ ತುಕ್ಕು. ಒಂಬತ್ತು ಮತ್ತು ಹತ್ತನೇ ತರಗತಿಯ ಗಣಿತ, ವಿಜ್ಞಾನಗಳಿಂದ ಶುರುಮಾಡುವುದರಲ್ಲಿ ನಾಚಿಕೆಪಡಬೇಕಾದದ್ದೇನೂ ಇಲ್ಲ. ಮಗನ ಪಠ್ಯಪುಸ್ತಕವೇ ತಾಯಿಯ ಪಠ್ಯಪುಸ್ತಕವಾಗಲಿ! ಎನ್‌ಸಿಇಆರ್‌ಟಿ ಪುಸ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿಯೇ ದೊರೆಯುತ್ತವೆ. ದಿನಕ್ಕೆ ಹತ್ತು ಗಂಟೆ ಓದುವ ಹದಿನೇಳರ ಹುಡುಗನೊಂದಿಗೆ ತನ್ನನ್ನು ಹೋಲಿಸಿಕೊಳ್ಳದೆ, ಎರಡು ಗಂಟೆಯನ್ನು ಎರಡು ವರ್ಷ ತಪ್ಪದೆ ಕೊಡುವುದು ಉಚಿತ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರವಿಟ್ಟು ಬಿಡಿಸುವ ರೂಢಿ ಅಗತ್ಯ, ಏಕೆಂದರೆ ಬರೆಯುವ ವೇಗ ಮರೆತುಹೋಗಿರುತ್ತದೆ. ಎಸೆಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರು, ಆಧಾರ್‌ನಲ್ಲಿ ಗಂಡನ ಹೆಸರು ಇದ್ದರೆ ಅದನ್ನೂ ಅರ್ಜಿಯ ಕೊನೆಯ ದಿನದವರೆಗೆ ಬಿಡದೆ ಮೊದಲೇ ಸರಿಪಡಿಸಿಕೊಳ್ಳಬೇಕು.

ಈ ಎರಡು ಗಂಟೆ ಎಲ್ಲಿಂದ ಬರಬೇಕು? ಸೊಸೆ ಓದಲು ಕುಳಿತಾಗ ಅಡುಗೆಮನೆಯಲ್ಲಿ ಯಾರಿರುತ್ತಾರೆ? ಮದುವೆ ಮಾತುಕತೆಯ ವೇಳೆ 'ಮುಂದೆ ಓದಿಸುತ್ತೇವೆ' ಎಂದವರು ಆ ಮಾತನ್ನು ಯಾವಾಗ ಮರೆತರು? ಮದುವೆ ಮಂಟಪಕ್ಕೆ ಲಕ್ಷಗಟ್ಟಲೆ ಸುರಿಯುವ ಕುಟುಂಬಗಳು ಪರೀಕ್ಷಾ ಶುಲ್ಕದ ಮಾತು ಬಂದೊಡನೆ ಲೆಕ್ಕ ಹಾಕುವುದೇಕೆ? ಗಂಡಸರ ಸ್ಥಿತಿ ತುಸು ಬೇರೆ. ಅಂಗಡಿಯ ಗಲ್ಲಾದ ಮುಂದೆ ಪುಸ್ತಕ ತೆರೆದವನನ್ನು ಗೇಲಿ ಮಾಡಲು ಗೆಳೆಯರೇ ಮುಂದು. ಜ್ಞಾನಾರ್ಜನೆ ಕಡ್ಡಾಯವೆಂದು ವೇದಿಕೆಯಿಂದ ಸಾರುವ ನಾವು ಅದಕ್ಕೆ ವಯಸ್ಸಿನ ಮಿತಿಯನ್ನು ನಮ್ಮ ಮನೆಗಳಲ್ಲೇ ಹಾಕಿಕೊಂಡಿದ್ದೇವೆ. ಆಯೋಗ ತೆಗೆದುಹಾಕಿದ ಮಿತಿಯನ್ನು ಅತ್ತೆ, ಮಾವ, ಪತಿ ಜಾರಿಯಲ್ಲಿಟ್ಟಿದ್ದಾರೆ!

ಸರಕಾರದ ಹೊಣೆಯೂ ಕಡಿಮೆಯಲ್ಲ. ಪ್ರವರ್ಗ 2ಬಿಯ ಶೇ. 4 ಮೀಸಲಾತಿಯನ್ನು 2023ರ ಮಾರ್ಚ್‌ನಲ್ಲಿ ಅಂದಿನ ರಾಜ್ಯ ಸರಕಾರ ಚುನಾವಣೆಯ ಹೊಸ್ತಿಲಲ್ಲಿ ರದ್ದುಗೊಳಿಸಲು ಹೊರಟಾಗ, ಅದನ್ನು ತಡೆಯಲು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಕಾಲೇಜಿನಿಂದ ಹೊರಬಿದ್ದ ಹೆಣ್ಣುಮಕ್ಕಳನ್ನು ಮರಳಿ ಕರೆತರಲು ಊರೂರಿನ ಲೆಕ್ಕ ತೆಗೆಯುವಂತೆ ಶಿಕ್ಷಣ ಇಲಾಖೆಯನ್ನು ನಾವು ಒತ್ತಾಯಿಸಲೇಬೇಕು.

ಅಲ್ಲಿಯವರೆಗೆ ಜಮಾಅತ್‌ಗಳು ಕೈಕಟ್ಟಿ ಕೂರಬೇಕಿಲ್ಲ. ಶಾದಿಮಹಲ್‌ಗಳು ವಾರದ ಬಹುಪಾಲು ದಿನ ಖಾಲಿಯಿರುತ್ತವೆ. ಒಂದು ಕೋಣೆ, ನಾಲ್ಕು ಮೇಜು, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಹಿಳೆಯರಿಗೆ, ಇಶಾ ನಮಾಝಿನ ಬಳಿಕ ದುಡಿಯುವ ಯುವಕರಿಗೆ, ಪಕ್ಕದ ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು. ನಿವೃತ್ತ ಶಿಕ್ಷಕರು ಪ್ರತಿ ಮೊಹಲ್ಲಾದಲ್ಲೂ ಇದ್ದಾರೆ, ಕರೆದರೆ ಬರುತ್ತಾರೆ. ಮುಂದಿನ ಸನ್ಮಾನ ಸಮಾರಂಭದ ಶಾಮಿಯಾನ ಮತ್ತು ಫ್ಲೆಕ್ಸ್‌ನ ಖರ್ಚಿನಲ್ಲಿ ಈ ಕೋಣೆಯ ಒಂದು ವರ್ಷದ ವಿದ್ಯುತ್ ಬಿಲ್ ಕಟ್ಟಬಹುದೇ ಎಂದು ಆಡಳಿತ ಸಮಿತಿಗಳು ತಮ್ಮ ಬರುವ ಸಭೆಯಲ್ಲೇ ಚರ್ಚಿಸಲಿ.